ಹುಣಸೆ, ಕಕ್ಕೆ, ಮುಟ್ಟಿದರೆ ಮುನಿ: ಯಾರಿಗೆ ಯಾರು ಹತ್ತಿರ?

ಕೇಸರ: ಬೇಳೆಕಾಳುಗಳ ಕುಟುಂಬವಾದ ಫ್ಯಾಬೇಸಿಯಲ್ಲಿ ಹೂವಿನ ರಚನೆಯನ್ನು ನೋಡಿ ಮಾಡಿದ್ದ ಮೂರು ಉಪಕುಟುಂಬಗಳ ಜಾಗಕ್ಕೆ 2017ರಲ್ಲಿ ಆರು ಬಂದವು. ಅದಕ್ಕೆ ಮುಖ್ಯ ಆಧಾರ ಕ್ಲೋರೋಪ್ಲಾಸ್ಟಿನ (ಎಲೆಯ ಕೋಶದ ಹಸಿರು ಕಣದ) ಮ್ಯಾಟ್‌ಕೆ ಎಂಬ ಒಂದೇ ಜೀನ್. ಡಿಎನ್‌ಎಯ ಸುಮಾರು 1,500 ಅಕ್ಷರಗಳ ಒಂದು ತುಣುಕನ್ನು ನಂಬಿ, ಮುಟ್ಟಿದರೆ ಮುನಿಯ ಗುಂಪಾದ ಮಿಮೋಸಾಯ್ಡಿಯಂಥ ಸ್ಪಷ್ಟವಾದ ಉಪಕುಟುಂಬವನ್ನು ಸೀಸಾಲ್ಪಿನಿಯಾಯ್ಡಿಯೊಳಗೆ ಸೇರಿಸಿದ್ದು ಸರಿಯೇ?

ಎಲೆಬಳ್ಳಿ: ಮಿಮೋಸಾ ಗುಂಪನ್ನು ಯಾರೂ ಒಡೆದಿಲ್ಲ, ಅದರ ದರ್ಜೆಯಷ್ಟೇ ಬದಲಾಗಿದೆ. ತೊಡಕಿದ್ದದ್ದು ಹಳೆಯ ಸೀಸಾಲ್ಪಿನಿಯಾಯ್ಡಿಯಲ್ಲಿ. ಅವರೆಯಂಥ ಚಿಟ್ಟೆಯಾಕಾರದ ಹೂವೂ ಇಲ್ಲದ, ಮುಟ್ಟಿದರೆ ಮುನಿಯಂತೆ ದುಂಡನೆಯ ಹೂಗುಚ್ಛವೂ ಇಲ್ಲದ ಗಿಡಗಳನ್ನೆಲ್ಲ ತುಂಬಿಟ್ಟ ಬುಟ್ಟಿ ಅದು. ಹುಣಸೆಯೂ ಕಕ್ಕೆಯೂ ಅದರಲ್ಲೇ ಇದ್ದವು. ಈ ಗಿಡಗಳ ಡಿಎನ್‌ಎ ಅಕ್ಷರಗಳ ಅನುಕ್ರಮಗಳನ್ನು ಒಂದರ ಕೆಳಗೊಂದು ಜೋಡಿಸಿ ನೋಡಿದರೆ ಕಕ್ಕೆ ಹುಣಸೆಗಿಂತ ಮುಟ್ಟಿದರೆ ಮುನಿಗೇ ಹತ್ತಿರದ ನಂಟ. ಒಂದು ಸ್ಥಾನದಲ್ಲಿ ಕಕ್ಕೆಗೂ ಮುಟ್ಟಿದರೆ ಮುನಿಗೂ 'ಜಿ' ಇದ್ದು, ಹುಣಸೆಗೂ ಕುಟುಂಬದ ಹೊರಗಿನ ಗಿಡಗಳಿಗೂ 'ಎ' ಇದೆ ಎಂದಿಟ್ಟುಕೊಳ್ಳಿ. ಆಗ 'ಎ' ಪೂರ್ವಜರಿಂದ ಹಾಗೆಯೇ ಉಳಿದು ಬಂದದ್ದು, 'ಜಿ' ನಂತರ ಮೂಡಿದ್ದು ಎಂದು ಎಣಿಸುವುದೇ ಸರಳ. ನಂಟಿಗೆ ಸಾಕ್ಷಿಯಾಗುವುದು ಈ ಎರಡನೆಯ ಬಗೆಯ ಹೋಲಿಕೆ ಮಾತ್ರ. ಹುಣಸೆ, ಕಕ್ಕೆಗಳ ಹೂಗಳ ಹೋಲಿಕೆಯನ್ನು ನೆಚ್ಚಿ ನಾವು ಎಡವಿದ್ದು ಇಲ್ಲೇ. ಹುಣಸೆ ಈಗ ಡೆಟಾರಿಯಾಯ್ಡಿ ಎಂಬ ಬೇರೆ ಉಪಕುಟುಂಬದಲ್ಲಿದೆ.

ಬೇರು: ತರ್ಕ ಸರಿ, ಆದರೆ ಕೇಸರ ಅವರ ಅನುಮಾನವನ್ನು ಅಷ್ಟು ಹಗುರವಾಗಿ ತಳ್ಳಿಹಾಕಬೇಡಿ. ಕ್ಲೋರೋಪ್ಲಾಸ್ಟಿನ ಜೀನ್‌ಗಳು ಸಾಮಾನ್ಯವಾಗಿ ತಾಯಿಯಿಂದ ಒಟ್ಟಾಗಿ ಬರುವುದರಿಂದ ಒಂದರ ಬದಲು ಎಪ್ಪತ್ತನ್ನು ಓದಿದರೂ ಸಾಕ್ಷಿ ಒಬ್ಬನೇ, ಹೇಳಿಕೆ ಮಾತ್ರ ಉದ್ದ. ಹಿಂದೆಂದೋ ಸಂಕರದಲ್ಲಿ ಬೇರೆ ಪ್ರಭೇದದ ಕ್ಲೋರೋಪ್ಲಾಸ್ಟ್ ಬಂದು ಸೇರಿದ್ದರೆ ವಂಶವೃಕ್ಷದಲ್ಲಿ ಆ ಗಿಡ ತಪ್ಪು ಕೊಂಬೆಯಲ್ಲಿ ಕೂರುತ್ತದೆ, ಅದೇ ದತ್ತಾಂಶವನ್ನು ಮತ್ತೆ ಮತ್ತೆ ಆಯ್ದು ಕವಲು ಎಷ್ಟು ಗಟ್ಟಿ ಎಂದು ಅಳೆಯುವ ಬೂಟ್‌ಸ್ಟ್ರ್ಯಾಪ್ ಅಂಕ ನೂರಕ್ಕೆ ನೂರು ಬಂದರೂ ಆ ತಪ್ಪು ಹೊರಬೀಳುವುದಿಲ್ಲ.

ಕೇಸರ: ಹಾಗಾದರೆ ಆರು ಉಪಕುಟುಂಬಗಳೂ ಅನುಮಾನಾಸ್ಪದವೇ?

ಬೇರು: ಇಲ್ಲ. 2020ರಲ್ಲಿ ಕೋಶಕೇಂದ್ರದ ಬಹಳಷ್ಟು ಜೀನ್‌ಗಳನ್ನು ಬಳಸಿ ನಡೆಸಿದ ವಿಶ್ಲೇಷಣೆಯೂ ಅದೇ ಉಪಕುಟುಂಬಗಳನ್ನು ಎತ್ತಿಹಿಡಿಯಿತು. ತಕರಾರಿರುವುದು ಅವು ಯಾವ ಕ್ರಮದಲ್ಲಿ ಕವಲೊಡೆದವು ಎಂಬುದರಲ್ಲಿ. ಬಹುತೇಕ ಒಂದೇ ಕಾಲದಲ್ಲಿ ಕವಲೊಡೆದಿದ್ದರಿಂದ ಒಂದೊಂದು ಜೀನ್ ಒಂದೊಂದು ಕ್ರಮ ಹೇಳುತ್ತದೆ. ಪೂರ್ವಜರಲ್ಲಿದ್ದ ಜೀನ್ ರೂಪಗಳು ಬೇರ್ಪಡುವ ಮೊದಲೇ ಮುಂದಿನ ಕವಲು ಮೂಡಿತ್ತು. ಈ ಜಗಳ ಹೆಚ್ಚು ದತ್ತಾಂಶ ಸುರಿದರೆ ತೀರುವಂಥದ್ದಲ್ಲ.

ಎಲೆಬಳ್ಳಿ: ಒಪ್ಪಿದೆ. ಗುಂಪು ಯಾವುದು ಎಂಬ ಪ್ರಶ್ನೆಯನ್ನೂ ಕವಲಿನ ಕ್ರಮದ ಪ್ರಶ್ನೆಯನ್ನೂ ನಾನು ಬೇರೆಬೇರೆಯಾಗಿ ಇಡಬೇಕಿತ್ತು.

ಕೇಸರ: ಹುಣಸೆಯ ವಿಷಯದಲ್ಲಿ ನಾನೂ ಸೋಲೊಪ್ಪಿದೆ. ಆದರೆ ಗಿಡದ ಮುಂದೆ ಭೂತಗನ್ನಡಿ ಹಿಡಿದು ನಿಂತವನ ಕೈಯಲ್ಲಿ ಮ್ಯಾಟ್‌ಕೆ ಇರುವುದಿಲ್ಲ. ಅವನಿಗೆ ಬೇಕಾದ ಗುರುತಿಸುವ ಕೈಪಿಡಿ ವಂಶವೃಕ್ಷದ ಕ್ರಮದಲ್ಲೇ ಇರಬೇಕಿಲ್ಲವಲ್ಲ?

ಬೇರು: ಖಂಡಿತ ಬೇಕಿಲ್ಲ. ಅದಕ್ಕೆ ಹೂವೇ ಇರಲಿ.