ಪ್ರಶ್ನೋತ್ತರ: ನೀರು ಸುರಿಯುತ್ತಾ ಕೂತ ಮಗು ಮಾಂಟೆಸ್ಸರಿಯಲ್ಲಿ ಏನು ಕಲಿಯುತ್ತದೆ?

ಪ್ರಶ್ನೆ: ಮೇಡಂ, ನಮಸ್ತೆ. ಮಗಳಿಗೆ ಈಗಷ್ಟೇ ಮೂರು ತುಂಬಿತು. ಮಾಂಟೆಸ್ಸರಿಗೆ ಸೇರಿಸೋಣ ಅಂತ ನನಗೆ ಆಸೆ. ಮಾಮೂಲಿ ನರ್ಸರಿಯೇ ಸಾಕು ಅನ್ನುತ್ತಾರೆ ನಮ್ಮ ಮನೆಯವರು. ಮೊನ್ನೆ ಇಬ್ಬರೂ ಒಂದು ಶಾಲೆ ನೋಡಲು ಹೋಗಿದ್ದೆವು. ಒಬ್ಬ ಪುಟ್ಟ ಹುಡುಗ ಒಂದು ಜಗ್‌ನಿಂದ ಇನ್ನೊಂದಕ್ಕೆ ನೀರು ಸುರಿಯುತ್ತಿದ್ದ. ಮುಗಿಸಿ ಮತ್ತೆ ಅದನ್ನೇ ಮಾಡುತ್ತಿದ್ದ. ಟೀಚರ್ ಸುಮ್ನೆ ನೋಡುತ್ತಿದ್ದರು. "ಇದನ್ನು ಮನೆಯಲ್ಲೇ ಮಾಡಬಹುದಲ್ವಾ, ಶಾಲೆ ಯಾಕೆ?" ಅಂತ ಕೇಳಿದರು ಇವರು. ನನಗೆ ಉತ್ತರ ಹೊಳೆಯಲಿಲ್ಲ. ನಿಜಕ್ಕೂ ಮಗುವಿಗೆ ಏನು ಲಾಭ?

ಉತ್ತರ: ನಮಸ್ತೆ. ನಿಮ್ಮ ಮನೆಯವರು ಕೇಳಿದ್ದು ಸರಿಯಾಗಿಯೇ ಇದೆ. ಹೊರಗಿನವರಿಗೆ ಅಲ್ಲಿ ಪಾಠವೇ ನಡೆಯುತ್ತಿಲ್ಲ ಅನಿಸುತ್ತದೆ. ಆ ಹುಡುಗನನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ.

ಮೂರು ವರ್ಷದವರಿಗೆ ನೀರು ಸುರಿಯುವುದು ಚಿಕ್ಕ ಕೆಲಸವಲ್ಲ. ಟ್ರೇಯನ್ನು ಅಲ್ಲಾಡಿಸದೆ ತರಬೇಕು. ಮಣಿಕಟ್ಟು ಎಷ್ಟು ಬಾಗಬೇಕು ಅಂತ ಕೈ ಕಲಿಯಬೇಕು. ಎಲ್ಲಿ ನಿಲ್ಲಿಸಬೇಕು ಅಂತ ಕಣ್ಣು ಕಾಯಬೇಕು. ಚೆಲ್ಲಿದರೆ ತಾನೇ ಒರೆಸಬೇಕು. ಮುಗಿದ ಮೇಲೆ ಟ್ರೇ ತಂದ ಜಾಗಕ್ಕೇ ಹೋಗಬೇಕು. ಮೊದಲಿಂದ ಕೊನೆವರೆಗೆ ಕೆಲಸ ಪೂರ್ತಿ ಅವನದು. ನಡುವೆ ಯಾರೂ "ಭೇಷ್" ಅನ್ನುವುದಿಲ್ಲ, "ಹಾಗಲ್ಲ" ಅಂತಲೂ ಅನ್ನುವುದಿಲ್ಲ. ಎಲ್ಲಿ ತಪ್ಪಿತು ಅಂತ ಚೆಲ್ಲಿದ ನೀರೇ ತೋರಿಸುತ್ತದೆ. ಟೀಚರ್ ಸುಮ್ಮನಿದ್ದರು ಅಂದಿರಲ್ಲ, ಅವರು ಆಗ ತಮ್ಮ ಕೆಲಸವನ್ನೇ ಮಾಡುತ್ತಿದ್ದರು. ಮಗು ಎಲ್ಲಿ ತಡವರಿಸುತ್ತದೆ, ಮುಂದೆ ಏನು ತೋರಿಸಿಕೊಡಬೇಕು ಅಂತ ಗಮನಿಸುವುದು ನಮ್ಮ ತರಬೇತಿಯ ದೊಡ್ಡ ಭಾಗ.

ಮತ್ತೆ ಮತ್ತೆ ಮಾಡುವುದಕ್ಕೂ ಒಂದು ಹಿನ್ನೆಲೆ ಇದೆ. ಮರಿಯಾ ಮಾಂಟೆಸ್ಸರಿ ಇಟಲಿಯ ಡಾಕ್ಟರ್. 1907ರ ಜನವರಿಯಲ್ಲಿ ರೋಮ್‌ನ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಮೊದಲ 'ಮಕ್ಕಳ ಮನೆ' ತೆರೆದರು. ಮರದ ದಿಮ್ಮಿಯ ಕುಳಿಗಳಿಂದ ಸಿಲಿಂಡರ್‌ಗಳನ್ನು ತೆಗೆದು ಮತ್ತೆ ಕೂರಿಸುತ್ತಿದ್ದ ಮೂರು ವರ್ಷದ ಒಬ್ಬ ಹುಡುಗಿಯ ಬಗ್ಗೆ ಅವರು ಬರೆದಿದ್ದಾರೆ. ಉಳಿದ ಮಕ್ಕಳಿಗೆ ಹಾಡಲು ಹೇಳಿದರೂ ಅವಳ ಗಮನ ಕದಲಲಿಲ್ಲ. ಕುರ್ಚಿ ಸಮೇತ ಎತ್ತಿ ಮೇಜಿನ ಮೇಲಿಟ್ಟರೂ ಸಿಲಿಂಡರ್‌ಗಳನ್ನು ಹಿಡಿದುಕೊಂಡು ಕೆಲಸ ಮುಂದುವರಿಸಿದಳು. ನಲವತ್ತಕ್ಕೂ ಹೆಚ್ಚು ಸಲ ಮಾಡಿ, ತಾನಾಗಿಯೇ ನಿಲ್ಲಿಸಿದಳು. ದಣಿದಂತೆ ಕಾಣಲಿಲ್ಲ, ಖುಷಿಯಾಗಿದ್ದಳು. ಚಿಕ್ಕ ಮಕ್ಕಳಿಗೆ ಗಮನ ಇರುವುದಿಲ್ಲ ಅಂತ ಎಲ್ಲರೂ ನಂಬಿದ್ದ ಕಾಲ ಅದು. ತಕ್ಕ ಕೆಲಸ ಸಿಕ್ಕಿ, ನಡುವೆ ಯಾರೂ ತಡೆಯದಿದ್ದರೆ ಗಮನ ತಾನೇ ಬರುತ್ತದೆ ಅಂತ ಅವರಿಗೆ ಕಂಡಿತು.

ಇಷ್ಟು ವರ್ಷ ಮಕ್ಕಳ ಜೊತೆಗಿದ್ದ ಮೇಲೆ ನನಗೂ ಅದೇ ಮುಖ್ಯ ಅನಿಸುತ್ತದೆ. ತಾನೇ ಆರಿಸಿಕೊಂಡ ಕೆಲಸದಲ್ಲಿ ಮುಳುಗಲು ಮಗುವಿಗೆ ಸಿಗುವ ಸಮಯ, ಅದೇ ದೊಡ್ಡ ಲಾಭ. ಒಳ್ಳೆಯ ಮಾಂಟೆಸ್ಸರಿಯಲ್ಲಿ ಬೆಳಗ್ಗೆ ಸುಮಾರು ಮೂರು ತಾಸು ಬೆಲ್ ಬಾರಿಸದೆ, ಪೀರಿಯಡ್ ಬದಲಾಯಿಸದೆ ಬಿಡುತ್ತಾರೆ. ನೀರು ಸುರಿಯುವುದು ಮನೆಯಲ್ಲೂ ಆಗುತ್ತದೆ, ಖಂಡಿತ ಮಾಡಿಸಿ. ಆದರೆ ಇಷ್ಟು ಹೊತ್ತು ಯಾರೂ ಕರೆಯದ, ಎಲ್ಲವೂ ಅವಳ ಎತ್ತರಕ್ಕೇ ಇರುವ, ಸುತ್ತ ಬೇರೆ ಮಕ್ಕಳೂ ಕೆಲಸದಲ್ಲಿರುವ ಜಾಗ ಮನೆಯಲ್ಲಿ ಸಿಗುವುದು ಕಷ್ಟ.

ಪ್ರಶ್ನೆ (ಇನ್ನೊಬ್ಬ ಪೋಷಕರು): ಎಲ್ಲಾ ಸರಿ ಮೇಡಂ. ಆದರೆ ಓದು, ಲೆಕ್ಕ? ಒಂದನೇ ಕ್ಲಾಸಿಗೆ ಬೇರೆ ಶಾಲೆಗೆ ಹೋದರೆ ಹಿಂದೆ ಬೀಳುವುದಿಲ್ವಾ?

ಉತ್ತರ: ಈ ಭಯ ಬಹಳ ಪೋಷಕರಿಗಿದೆ. ಓದು, ಲೆಕ್ಕ ಎರಡೂ ಇವೆ. ಸ್ಲೇಟಿನಿಂದ ಶುರುವಾಗುವುದಿಲ್ಲ, ಅಷ್ಟೇ.

ಆ ಸಿಲಿಂಡರ್‌ಗಳ ಪುಟ್ಟ ಹಿಡಿಯನ್ನು ಮೂರು ಬೆರಳಲ್ಲಿ ಹಿಡಿಯಬೇಕು. ನಾಳೆ ಪೆನ್ಸಿಲ್ ಹಿಡಿಯುವುದೂ ಅವೇ ಮೂರು ಬೆರಳು. ಆಮೇಲೆ ಸ್ಯಾಂಡ್‌ಪೇಪರ್ ಅಕ್ಷರಗಳು ಬರುತ್ತವೆ. ಮಗು ಬೆರಳಿನಿಂದ ಅಕ್ಷರ ಸವರುತ್ತಾ ಅದರ ಸದ್ದು ಹೇಳುತ್ತದೆ. ಕಣ್ಣು, ಕಿವಿ, ಕೈ ಮೂರೂ ಒಟ್ಟಿಗೆ ಕಲಿಯುತ್ತವೆ. ಪೆನ್ಸಿಲ್ ಒತ್ತಿ ಬರೆಯುವಷ್ಟು ಕೈಗೆ ಶಕ್ತಿ ಬರುವ ಮೊದಲೇ ಬಿಡಿ ಅಕ್ಷರಗಳನ್ನು ಜೋಡಿಸಿ ಪದ ಮಾಡಲು ಶುರು ಮಾಡುತ್ತಾರೆ. ಎಷ್ಟೋ ಮಕ್ಕಳು ಓದುವುದಕ್ಕಿಂತ ಮೊದಲು ಹೀಗೆ 'ಬರೆಯುತ್ತಾರೆ'.

ಲೆಕ್ಕದ ಮಣಿಗಳು ನನಗೆ ಬಹಳ ಇಷ್ಟ. ಒಂದು ಅಂದರೆ ಒಂದು ಬಿಡಿ ಮಣಿ. 10 ಅಂದರೆ ಹತ್ತು ಮಣಿ ಪೋಣಿಸಿದ ಕಡ್ಡಿ. 100 ಒಂದು ಚೌಕ. 1000 ಒಂದು ಘನ. ನಾಲ್ಕು ವರ್ಷದ ಮಗು ಆ ಘನವನ್ನು ಎರಡೂ ಕೈಯಲ್ಲಿ ಹೊತ್ತು ತರುವಾಗ, ಸಾವಿರ ಅನ್ನುವುದು ಒಂದಕ್ಕಿಂತ ಎಷ್ಟು ದೊಡ್ಡದು ಅಂತ ಅದರ ತೋಳಿಗೇ ಗೊತ್ತಾಗುತ್ತದೆ. ಸೊನ್ನೆ ಸೇರಿಸುತ್ತಾ ಹೋದವರಿಗೆ ಇದು ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಸಂಶೋಧನೆಯೂ ಇದೆ. ಸಾಮಾನ್ಯ ತೊಡಕು ಏನೆಂದರೆ, ಮಾಂಟೆಸ್ಸರಿ ಆರಿಸುವ ಪೋಷಕರು ಮೊದಲೇ ಮಕ್ಕಳ ಓದಿನ ಬಗ್ಗೆ ಜಾಸ್ತಿ ಕಾಳಜಿ ಇರುವವರು. ಆಗ ಲಾಭ ಶಾಲೆಯಿಂದಲೋ ಮನೆಯಿಂದಲೋ ಹೇಳುವುದು ಕಷ್ಟ. ಅದಕ್ಕೇ ಅಮೆರಿಕದ ಮನೋವಿಜ್ಞಾನಿ ಏಂಜಲೀನ್ ಲಿಲಾರ್ಡ್ ಮತ್ತು ಜೊತೆಗಾರರು ಲಾಟರಿಯಲ್ಲಿ ಸೀಟು ಕೊಡುವ ಶಾಲೆಗಳನ್ನು ಆರಿಸಿಕೊಂಡರು. ಸೀಟು ಸಿಕ್ಕವರನ್ನೂ, ಅರ್ಜಿ ಹಾಕಿ ಸಿಗದವರನ್ನೂ ಹೋಲಿಸಿದರು. 2006ರಲ್ಲಿ ಬಂದ ಅಧ್ಯಯನದಲ್ಲಿ ಐದು ವರ್ಷದ ಮಾಂಟೆಸ್ಸರಿ ಮಕ್ಕಳು ಅಕ್ಷರ, ಪದ ಗುರುತಿಸುವುದರಲ್ಲಿ, ಲೆಕ್ಕದಲ್ಲಿ, ಜಗಳ ಬಿಡಿಸಿಕೊಳ್ಳುವ ರೀತಿಯಲ್ಲಿ ಮುಂದಿದ್ದರು. 2025ರಲ್ಲಿ ಇನ್ನೂ ದೊಡ್ಡ ಅಧ್ಯಯನ ಬಂತು. 24 ಸರ್ಕಾರಿ ಮಾಂಟೆಸ್ಸರಿ ಶಾಲೆಗಳು, 588 ಮಕ್ಕಳು. ಕಿಂಡರ್‌ಗಾರ್ಟನ್ ಮುಗಿಯುವಾಗ ಓದು, ನೆನಪಿನ ಶಕ್ತಿ, ತನ್ನನ್ನು ತಾನು ಹಿಡಿತದಲ್ಲಿ ಇಟ್ಟುಕೊಳ್ಳುವುದು, ಇನ್ನೊಬ್ಬರ ಮನಸ್ಸು ಅರಿಯುವುದು, ಇವುಗಳಲ್ಲಿ ಸೀಟು ಸಿಕ್ಕವರು ಮುಂದಿದ್ದರು. ಹಾಗಂತ ನಿಮ್ಮ ಮಗು ಎಲ್ಲರಿಗಿಂತ ಮುಂದೆ ಓಡುತ್ತದೆ ಅಂತ ನಾನು ಭರವಸೆ ಕೊಡುವುದಿಲ್ಲ. ಹಿಂದೆ ಬೀಳುತ್ತದೆ ಅನ್ನುವ ಭಯಕ್ಕೆ ಮಾತ್ರ ಆಧಾರವಿಲ್ಲ.

ಪ್ರಶ್ನೆ: ನನ್ನ ಮಗ ಒಂದು ಕಡೆ ಕೂರುವವನೇ ಅಲ್ಲ. ಅವನಿಗೆ ಆಗಿ ಬರುತ್ತಾ?

ಉತ್ತರ: ಅಂಥವರಿಗೆ ಇನ್ನೂ ಒಳ್ಳೆಯದು ಸರ್. ಇಲ್ಲಿ ಕೂರಲೇಬೇಕು ಅಂತಿಲ್ಲ. ಮ್ಯಾಟ್ ತರುವುದು, ಹಾಸುವುದು, ಒಂದರ ಮೇಲೊಂದು ಪೇರಿಸುವ 'ಪಿಂಕ್ ಟವರ್'ನ ಹತ್ತು ಗುಲಾಬಿ ಘನಗಳನ್ನು ಒಂದೊಂದಾಗಿ ಹೊತ್ತು ತರುವುದು, ಎಲ್ಲದಕ್ಕೂ ಓಡಾಟ ಬೇಕು. ಮೊದಲ ಕೆಲವು ವಾರ ಅವನು ಅಲ್ಲಿ ಇಲ್ಲಿ ಸುತ್ತುತ್ತಾನೆ. ಅದಕ್ಕೆ ಗಾಬರಿ ಬೇಡ.

ಪ್ರಶ್ನೆ: ಮೂರರಿಂದ ಆರು ವರ್ಷದವರೆಲ್ಲ ಒಂದೇ ಕೋಣೆಯಲ್ಲಿ ಅಂತೆ. ಚಿಕ್ಕವರನ್ನು ದೊಡ್ಡವರು ಗೋಳು ಹುಯ್ಯುವುದಿಲ್ವಾ?

ಉತ್ತರ: ಕೆಲವೊಮ್ಮೆ ಜಗಳ ಆಗುತ್ತದೆ, ಮಕ್ಕಳಲ್ಲವೇ. ಆದರೆ ವಯಸ್ಸು ಬೆರೆತಿರುವುದರಿಂದಲೇ ಸ್ಪರ್ಧೆ ಕಡಿಮೆ. ಯಾರೂ ಒಂದೇ ಪುಟದಲ್ಲಿ ಇರುವುದಿಲ್ಲ. ಒಂದೊಂದು ಸಾಮಗ್ರಿಯೂ ಸಾಮಾನ್ಯವಾಗಿ ಒಂದೇ ಇರುತ್ತದೆ, ಬೇಕೆಂದೇ ಹಾಗೆ ಇಡುತ್ತಾರೆ. ಇನ್ನೊಬ್ಬರು ಮುಗಿಸುವವರೆಗೆ ಕಾಯಬೇಕು. ಚಿಕ್ಕವರು ದೊಡ್ಡವರನ್ನು ನೋಡಿ ಕಲಿಯುತ್ತಾರೆ. ದೊಡ್ಡವರು ಚಿಕ್ಕವರಿಗೆ ಶೂ ಕಟ್ಟಿಕೊಡುತ್ತಾರೆ, ಅಕ್ಷರ ತೋರಿಸುತ್ತಾರೆ. ಹೇಳಿಕೊಡುವಾಗ ತಮಗೆ ಗೊತ್ತಿರುವುದು ಇನ್ನೂ ಗಟ್ಟಿಯಾಗುತ್ತದೆ. ಅದಕ್ಕೇ ದಯವಿಟ್ಟು ಶಾಲೆಯ ಮೂರನೇ ವರ್ಷ ಮುಗಿಯುವ ಮೊದಲು ಮಗುವನ್ನು ಬಿಡಿಸಬೇಡಿ. ಎರಡು ವರ್ಷ ಕೈಯಲ್ಲಿ ಮಾಡಿದ್ದೆಲ್ಲ ಓದು, ಬರಹ, ಲೆಕ್ಕವಾಗಿ ಹೊರಬರುವುದು ಆ ವರ್ಷದಲ್ಲಿ. ಆಗಲೇ ಬಿಡಿಸುವುದು ನೋಡಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಪ್ರಶ್ನೆ (ಮೊದಲು ಕೇಳಿದವರು): ತುಂಬಾ ಥ್ಯಾಂಕ್ಸ್ ಮೇಡಂ. ಬೋರ್ಡ್‌ನಲ್ಲಿ ಮಾಂಟೆಸ್ಸರಿ ಅಂತ ಎಲ್ಲರೂ ಹಾಕುತ್ತಾರೆ. ನಿಜವಾದದ್ದು ಯಾವುದು ಅಂತ ಹೇಗೆ ತಿಳಿಯೋದು?

ಉತ್ತರ: ಆ ಹೆಸರು ಯಾರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಹಾಕಿಕೊಳ್ಳಬಹುದು, ಹಾಕಿಕೊಂಡಿದ್ದಾರೆ ಕೂಡ. ಲಿಲಾರ್ಡ್ ಅವರದೇ 2012ರ ಅಧ್ಯಯನದಲ್ಲಿ, ಮಾಂಟೆಸ್ಸರಿ ಸಾಮಗ್ರಿಗಳನ್ನೇ ನಂಬಿದ ತರಗತಿಗಳ ಮಕ್ಕಳು, ಅದರ ಜೊತೆಗೆ ಮಾಮೂಲಿ ವರ್ಕ್‌ಶೀಟ್, ಪಜಲ್ ಬೆರೆಸಿದ ತರಗತಿಗಳ ಮಕ್ಕಳಿಗಿಂತ ಆ ವರ್ಷ ಜಾಸ್ತಿ ಕಲಿತಿದ್ದರು. ಆದ್ದರಿಂದ ಈ ವಿಚಾರಣೆ ಮುಖ್ಯ.

ಬೆಳಗಿನ ಹೊತ್ತಲ್ಲಿ ಒಂದು ಮೂಲೆಯಲ್ಲಿ ಅರ್ಧ ಗಂಟೆ ಕೂತು ನೋಡಲು ಬಿಡಿ ಅಂತ ಕೇಳಿ. ಒಬ್ಬೊಬ್ಬ ಮಗುವೂ ಬೇರೆ ಬೇರೆ ಕೆಲಸದಲ್ಲಿದೆಯಾ? ಕೆಲಸ ಮಗುವೇ ಆರಿಸಿತಾ, ಟೀಚರ್ ಕೊಟ್ಟರಾ? ಕಪಾಟು ಮಕ್ಕಳ ಕೈಗೆ ಎಟುಕುತ್ತದಾ? ಟೀಚರ್ ಕೋಣೆಯ ಆ ಕಡೆಯಿಂದ ಕೂಗುತ್ತಾರಾ, ಹತ್ತಿರ ಹೋಗಿ ಮೆಲ್ಲಗೆ ಮಾತಾಡುತ್ತಾರಾ? ಸ್ಟಾರ್, ಸ್ಟಿಕ್ಕರ್, ರ‍್ಯಾಂಕ್ ಇದ್ದರೆ ನನಗೆ ಅನುಮಾನ. ಟೀಚರ್ ಯಾವ ವಯಸ್ಸಿನ ಮಕ್ಕಳಿಗೆ, ಎಷ್ಟು ಕಾಲ ತರಬೇತಿ ಪಡೆದಿದ್ದಾರೆ ಅಂತಲೂ ಕೇಳಿ. ಸಾಮಗ್ರಿಗಳು ಹೊಳೆಯುತ್ತಾ ಗಾಜಿನ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿದ್ದರೆ ಅಲ್ಲಿಂದ ಎದ್ದು ಬನ್ನಿ.

ಹತ್ತಿರದಲ್ಲಿ ಒಳ್ಳೆಯದು ಯಾವುದೂ ಸಿಗದಿದ್ದರೆ, ಪ್ರೀತಿಯಿಂದ ನೋಡಿಕೊಳ್ಳುವ ಮಾಮೂಲಿ ನರ್ಸರಿಯೇ ಹೆಸರಿಗಷ್ಟೇ ಇರುವ ಮಾಂಟೆಸ್ಸರಿಗಿಂತ ಮೇಲು. ಆಗ ಮನೆಯಲ್ಲಿ ದುಬಾರಿ ಸೆಟ್ ಕೊಳ್ಳಬೇಡಿ. ಅವಳ ಬಟ್ಟೆಯನ್ನು ಕೆಳಗಿನ ಅರೆಯಲ್ಲಿ ಇಡಿ, ಒಂದು ಪುಟ್ಟ ಪೊರಕೆ, ಒರೆಸುವ ಬಟ್ಟೆ ಕೊಡಿ. ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಬೇಕಾದರೆ, ಹೊರಡುವ ಹತ್ತು ನಿಮಿಷ ಮೊದಲೇ ಶರ್ಟು ಕೈಗೆ ಕೊಡಿ.