ಅಪ್‌ಡೇಟ್: ಟೆಂಟ್ ಹಾರಿಹೋಗಲಿಲ್ಲ, ಒದ್ದೆಯಾಯ್ತು

ಸಾಗರ, ಜೋಗ, ಹೊನ್ನಾವರ, ಮರವಂತೆ ಸುತ್ತೋಕೆ ನಾಲ್ಕು ಜನ ಒಂದೇ ಕಾರಲ್ಲಿ ಹೊರಟಿದ್ದೀವಿ, ಮರಳಲ್ಲಿ ಟೆಂಟ್ ನಿಲ್ಲುತ್ತಾ ಅಂತ ಕೇಳಿದ್ದೆನಲ್ಲ, ಮೊನ್ನೆ ವಾಪಸ್ ಬಂದ್ವಿ.

ಬರೀ ಗೂಟ ನಿಲ್ಲಲ್ಲ. ನೀವು ಹೇಳಿದ ಹಾಗೆ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಣಕೈ ಆಳಕ್ಕೆ ಹೂತೆವು. ರಾತ್ರಿಯಿಡೀ ಅಲುಗಾಡಲಿಲ್ಲ. ಜಾಗ ಹೊನ್ನಾವರದ ಹತ್ತಿರ ಒಬ್ಬರ ತೋಟದಂಚು, ಕೇಳಿಕೊಂಡೇ ಹಾಕಿದ್ದು. ಮೊದಲು ತೆಂಗಿನಮರದ ಬುಡದಲ್ಲೇ ಬಿಚ್ಚಿದ್ವಿ. ಆ ಮನೆಯ ಅಜ್ಜಿ ಓಡಿಬಂದು, "ತಮಾ, ಅಲ್ಲಿ ಬೇಡ, ಕಾಯಿ ಬೀಳ್ತದೆ" ಅಂದರು. ಗಾಳಿ, ಅಲೆ ಎಲ್ಲ ಯೋಚಿಸಿದ್ದ ನಮಗೆ ಇದೇ ಹೊಳೆದಿರಲಿಲ್ಲ!

ಟೆಂಟ್ ಕೈಕೊಟ್ಟಿದ್ದು ಸಾಗರ ಊರಲ್ಲಿ. ಚಳಿಗೆ ಹೆದರಿ ಜಿಪ್ ಪೂರ್ತಿ ಎಳೆದು ಮಲಗಿದ್ವಿ. ಬೆಳಗ್ಗೆ ಒಳಗೋಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಳೆಯಲ್ಲ, ನಮ್ಮದೇ ಉಸಿರು. ಮರುದಿನದಿಂದ ಮೇಲಿನ ಕಿಂಡಿ ತೆರೆದಿಟ್ಟೆವು.

ಜೋಗದಲ್ಲಿ ನೀರು ತೆಳ್ಳಗಿತ್ತು. ಮೇಲೆ ಲಿಂಗನಮಕ್ಕಿ ಅಣೆಕಟ್ಟು ನೀರು ಹಿಡಿದಿಟ್ಟಿರುವಾಗ ಡಿಸೆಂಬರಿನಲ್ಲಿ ಇನ್ನೇನು. ಆದರೆ ಮರವಂತೆ! ಬಲಕ್ಕೆ ಕಡಲು, ಎಡಕ್ಕೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಡ್ರೈವ್ ಮಾಡುತ್ತಿದ್ದವನು ಮಾತ್ರ ಏನೂ ನೋಡಲಿಲ್ಲ ಅಂತ ಇನ್ನೂ ಗೊಣಗುತ್ತಿದ್ದಾನೆ.