ಅಪ್‌ಡೇಟ್: ಅಪ್ಪನ ಬಲಗಿವಿಯ ಮಿಷನ್ ಸರಿಹೋಯ್ತು

ಹೋದ ತಿಂಗಳು ಕೇಳಿದ್ದೆನಲ್ಲ, ಅಪ್ಪನ ಬ್ಲೂಟೂತ್ ಹಿಯರಿಂಗ್ ಏಡ್‌ನಲ್ಲಿ ಬಲಗಡೆಯದು ದಿನೇ ದಿನೇ ಸಣ್ಣಗೆ ಕೇಳ್ತಿದೆ, ಫೋನ್ ಕಾಲ್ ಎಡಗಿವಿಗೆ ಮಾತ್ರ ಬರ್ತಿದೆ ಅಂತ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಮಿಷನ್ನೇ ಕೆಟ್ಟಿದೆ ಅಂದುಕೊಂಡಿದ್ದು ನನ್ನ ತಪ್ಪು.

ಆಡಿಯಾಲಜಿಸ್ಟ್ (ಶ್ರವಣ ತಜ್ಞೆ) ಮೇಡಂ ಮೊದಲು ಕಿವಿಯೊಳಗೆ ಕೂರುವ ರಬ್ಬರ್ ಗುಬುಟು ಕಳಚಿದರು. ಒಳಗೆ ಎಳ್ಳಿಗಿಂತ ಸಣ್ಣದೊಂದು ಬಿಳಿ ಜಾಲರಿ, ಅದರ ಪೂರ್ತಿ ಜೇನುಬಣ್ಣದ ಗುಗ್ಗೆ. ಗುಗ್ಗೆ ಮಿಷನ್ ಒಳಗೆ ಹೋಗದಂತೆ ತಡೆಯುವ ವ್ಯಾಕ್ಸ್ ಗಾರ್ಡ್ ಅಂತೆ. ಅದನ್ನು ಬದಲಿಸುವ ಸಣ್ಣ ಕಡ್ಡಿಯ ಒಂದು ತುದಿಯಿಂದ ಹಳೆಯದನ್ನು ಎಳೆದು, ಇನ್ನೊಂದು ತುದಿಯಿಂದ ಹೊಸದನ್ನು ಒತ್ತಿದರು. ಅರ್ಧ ನಿಮಿಷ ಹಿಡಿಯಲಿಲ್ಲ. ಅಪ್ಪ ತಕ್ಷಣ, "ಫ್ಯಾನ್ ಯಾಕಿಷ್ಟು ಕಿರುಚ್ತಿದೆ?" ಅಂದರು!

ಫೋನಿನದು ಬೇರೆ ಕಥೆ. ಬಲಗಡೆಯ ಪೇರಿಂಗ್, ಅಂದ್ರೆ ಫೋನಿನ ಜೊತೆಗಿನ ಬ್ಲೂಟೂತ್ ಜೋಡಣೆ, ಬಿಟ್ಟುಹೋಗಿತ್ತು. ಫೋನಿನಲ್ಲಿ ಎರಡನ್ನೂ 'ಫರ್ಗೆಟ್' ಮಾಡಿ, ಬ್ಯಾಟರಿ ಬಾಗಿಲು ತೆಗೆದು ಮುಚ್ಚಿ, ಹೊಸದಾಗಿ ಸೇರಿಸಿದೆವು.

ಮೇಡಂ ಹತ್ರ ಬೈಸಿಕೊಂಡದ್ದೂ ಉಂಟು. ಮಳೆಗಾಲ ಅಂತ ರಾತ್ರಿ ಮಿಷನ್ನನ್ನು ತೇವ ಹೀರುವ ಸಿಲಿಕಾ ಜೆಲ್ ಡಬ್ಬಿಯಲ್ಲಿ ಬ್ಯಾಟರಿ ಸಮೇತ ಇಡ್ತಿದ್ದೆ. ಅಪ್ಪನದು ಕಂದು ಸ್ಟಿಕ್ಕರಿನ 312 ಸೈಜಿನ ಜಿಂಕ್-ಏರ್ ಸೆಲ್. ಗಾಳಿ ತಗೊಂಡು ಕೆಲಸ ಮಾಡುವಂಥದ್ದು, ಜೆಲ್ ಅದನ್ನೂ ಒಣಗಿಸಿಬಿಡುತ್ತೆ. ಈಗ ಸೆಲ್ ಹೊರಗೆ, ಮಿಷನ್ ಮಾತ್ರ ಡಬ್ಬಿಗೆ. ಹೊಸ ಸೆಲ್ಲಿನ ಸ್ಟಿಕ್ಕರ್ ಕಿತ್ತ ಮೇಲೆ ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಹಾಕ್ತೀವಿ.

ಸ್ಪಿರಿಟ್ ಹಾಕಿ ಒರೆಸಿ ಅಂತ ಒಬ್ಬರು ಹೇಳಿದ್ದಿರಿ, ದಯವಿಟ್ಟು ಬೇಡ. ಒಣ ಬಟ್ಟೆ, ಜೊತೆಗೆ ಕೊಟ್ಟ ಸಣ್ಣ ಬ್ರಷ್ ಸಾಕಂತೆ. ಕೆಂಪು ಗುರುತು ಬಲಗಿವಿ, ನೀಲಿ ಎಡಗಿವಿ ಅನ್ನೋದನ್ನು ಮಾತ್ರ ಅಪ್ಪ ಇನ್ನೂ ದಿನಾ ಕೇಳ್ತಾರೆ.